ವಾಲಿ ಕೇಳಿದ್ದು, ಲೈರಾ ಕೇಳಿದ್ದು

(ತೀರ್ಥಹಳ್ಳಿಯಲ್ಲಿ ಓದುಗರ ಕೂಟವೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಮೇಷ್ಟ್ರುಗಳು, ಮಕ್ಕಳ ಅಪ್ಪ ಅಮ್ಮಂದಿರು, ಒಂದಷ್ಟು ಕಾಲೇಜು ಹುಡುಗರು ಕೂತಿದ್ದರು. ಮಾತಿನ ಧಾಟಿಯನ್ನು ಜಾಸ್ತಿ ತಿದ್ದಿಲ್ಲ.)

ಎಲ್ಲರಿಗೂ ನಮಸ್ಕಾರ.

ಇವತ್ತಿನ ವಿಷಯ ಮಾಯಾಲೋಕದ ಕತೆಗಳು, ಅವು ಸಿನಿಮಾ ಆದಾಗ ಏಳುವ ಧರ್ಮದ ಜಗಳಗಳು. ಇಷ್ಟು ಹೇಳಿದ ಕೂಡಲೇ ಅರ್ಧ ಜನ "ಓದದೆ ಕೂಗಾಡುವವರು" ಅಂತ ನಗಲು ತಯಾರಾಗುತ್ತಾರೆ. ಇನ್ನರ್ಧ ಜನ "ಇವರ ಆಟಕ್ಕೆ ದೇವರೇ ಬೇಕಿತ್ತಾ" ಅಂತ ಮುಖ ಗಂಟು ಹಾಕುತ್ತಾರೆ. ಇಬ್ಬರಿಗೂ ಸ್ವಲ್ಪ ಸ್ವಲ್ಪ ಬೇಜಾರು ಮಾಡುವ ಉದ್ದೇಶ ನನಗಿದೆ.

2007ರ ಡಿಸೆಂಬರಿನಲ್ಲಿ 'ದಿ ಗೋಲ್ಡನ್ ಕಂಪಾಸ್' ಅಂತ ಒಂದು ಇಂಗ್ಲಿಷ್ ಸಿನಿಮಾ ಬಂತು. ನಿಕೋಲ್ ಕಿಡ್‌ಮನ್ ಇದ್ದರು, ಡೇನಿಯಲ್ ಕ್ರೇಗ್ ಇದ್ದರು, ಕವಚ ತೊಟ್ಟ ದೊಡ್ಡ ದೊಡ್ಡ ಹಿಮಕರಡಿಗಳಿದ್ದವು. ಖರ್ಚು ಸುಮಾರು 18 ಕೋಟಿ ಡಾಲರ್. ಇಂಗ್ಲೆಂಡಿನ ಲೇಖಕ ಫಿಲಿಪ್ ಪುಲ್‌ಮನ್ ಬರೆದ ಮೂರು ಕಾದಂಬರಿಗಳಲ್ಲಿ ಮೊದಲನೆಯದನ್ನು ಇಟ್ಟುಕೊಂಡು ಮಾಡಿದ್ದು. ಆ ಪುಸ್ತಕ 1995ರದ್ದು. ಎರಡನೆಯದು 1997ರಲ್ಲಿ, ಮೂರನೆಯದು 2000ದಲ್ಲಿ ಬಂತು.

ಕತೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಜಗಳ ಅರ್ಥವಾಗುವುದಿಲ್ಲ. ಲೈರಾ ಅಂತ ಒಬ್ಬಳು ತುಂಟ ಹುಡುಗಿ. ಅವಳ ಲೋಕದಲ್ಲಿ ಮನುಷ್ಯನ ಆತ್ಮ ಒಳಗೆ ಇರುವುದಿಲ್ಲ. ಹೊರಗೆ, ಒಂದು ಪ್ರಾಣಿಯ ರೂಪದಲ್ಲಿ, ಜೊತೆಜೊತೆಗೇ ಓಡಾಡುತ್ತದೆ, ಮಾತಾಡುತ್ತದೆ. ಮಕ್ಕಳ ಪ್ರಾಣಿ ಗಳಿಗೆಗೊಂದು ರೂಪ ಬದಲಿಸುತ್ತದೆ. ಈಗ ಬೆಕ್ಕು, ಈಗ ಪತಂಗ, ಈಗ ಹಕ್ಕಿ. ಪ್ರಾಯ ಬಂದ ಮೇಲೆ ಒಂದೇ ರೂಪದಲ್ಲಿ ನಿಂತುಬಿಡುತ್ತದೆ. ಆ ಲೋಕವನ್ನು ಆಳುವುದು ಚರ್ಚು. ಅಲ್ಲಿಯ ಇತಿಹಾಸದಲ್ಲಿ ಜಾನ್ ಕ್ಯಾಲ್ವಿನ್ ಪೋಪ್ ಆಗಿ ಗದ್ದುಗೆಯನ್ನು ಜಿನೀವಾಕ್ಕೆ ಒಯ್ದಿರುತ್ತಾನೆ. ನಿಜವಾದ ಕ್ಯಾಲ್ವಿನ್ ಪೋಪಿನ ದೊಡ್ಡ ವಿರೋಧಿ, ಆದ್ದರಿಂದ ಇದೊಂದು ಕಿಡಿಗೇಡಿ ತಮಾಷೆ. ದೊಡ್ಡವರಿಗೆ ಅಂಟಿಕೊಳ್ಳುವ, ಮಕ್ಕಳಿಗೆ ಅಂಟದ ಒಂದು ಧೂಳನ್ನು ಈ ಚರ್ಚು ಪಾಪ ಅಂತ ತಿಳಿಯುತ್ತದೆ. ಆ ಪಾಪ ತಗಲುವ ಮೊದಲೇ ಮಕ್ಕಳನ್ನು ಉಳಿಸಬೇಕು ಅಂತ, ಅವರನ್ನು ಕದ್ದು ಉತ್ತರದ ಹಿಮದ ನಾಡಿಗೆ ಸಾಗಿಸಿ, ಅವರಿಂದ ಆ ಪ್ರಾಣಿಯನ್ನೇ ಕತ್ತರಿಸಿ ಬೇರೆ ಮಾಡುತ್ತದೆ.

ಓದುವಾಗ ಹೊಟ್ಟೆ ತೊಳೆಸುತ್ತದೆ. ಮಕ್ಕಳ ಪುಸ್ತಕದಲ್ಲಿ ಇಂಥದ್ದು ಯಾಕೆ ಅಂತ ಕೇಳಬೇಕು ಅನ್ನಿಸುತ್ತದೆ. ಆದರೆ ಪುಸ್ತಕ ಕೆಳಗಿಡಲು ಆಗುವುದಿಲ್ಲ.

ಮೂರನೇ ಪುಸ್ತಕಕ್ಕೆ ಬಂದರೆ ಇನ್ನೂ ದೊಡ್ಡದು. ಅಲ್ಲಿ ದೇವರೇ ಬರುತ್ತಾನೆ. ಸೃಷ್ಟಿ ಮಾಡಿದವನಲ್ಲ, ನಾನೇ ಸೃಷ್ಟಿ ಮಾಡಿದ್ದು ಅಂತ ಉಳಿದವರನ್ನು ನಂಬಿಸಿದ ಒಬ್ಬ ಮುದಿ ದೇವದೂತ. ಸ್ಫಟಿಕದ ಪಲ್ಲಕ್ಕಿಯಲ್ಲಿ ಹೊತ್ತು ತಿರುಗುವಷ್ಟು ಹಣ್ಣಾಗಿದ್ದಾನೆ, ಅರಳು ಮರಳು. ಮಕ್ಕಳು ಕನಿಕರದಿಂದ ಅವನನ್ನು ಹೊರಗೆ ಇಳಿಸುತ್ತಾರೆ. ಗಾಳಿ ಬೀಸುತ್ತದೆ. ಅವನು ಗಾಳಿಯಲ್ಲಿ ಕರಗಿಹೋಗುತ್ತಾನೆ. ಮುಖದಲ್ಲಿ ನೆಮ್ಮದಿ ಇರುತ್ತದೆ.

ಈಗ ಹೇಳಿ, ಒಬ್ಬ ನಂಬಿಕಸ್ಥ ಕ್ರೈಸ್ತ ತಾಯಿಗೆ ಇದನ್ನು ಓದಿದಾಗ ಸಿಟ್ಟು ಬಂದರೆ ಅವಳನ್ನು ದಡ್ಡಿ ಅನ್ನಬಹುದಾ? ನಾನಂತೂ ಅನ್ನುವುದಿಲ್ಲ. ಅವಳು ಕತೆಯನ್ನು ಸರಿಯಾಗಿಯೇ ಓದಿದ್ದಾಳೆ. ಪುಲ್‌ಮನ್ ತಾನು ದೇವರನ್ನು ನಂಬುವವನಲ್ಲ ಅಂತ ಯಾವತ್ತೂ ಮುಚ್ಚಿಟ್ಟವರಲ್ಲ. ತಮಾಷೆ ಅಂದರೆ ಅವರ ಅಜ್ಜ ಪಾದ್ರಿ. ಹುಡುಗನಾಗಿದ್ದಾಗ ಕೇಳಿದ ಹಳೆಯ ಬೈಬಲ್ಲಿನ ಭಾಷೆ, ಚರ್ಚಿನ ಹಾಡು ಎಲ್ಲ ಅವರ ಬರಹದ ಒಳಗೇ ಇದೆ. ಮೂರು ಪುಸ್ತಕಕ್ಕೂ ಸೇರಿ ಇಟ್ಟ 'ಹಿಸ್ ಡಾರ್ಕ್ ಮೆಟೀರಿಯಲ್ಸ್' ಅನ್ನುವ ಹೆಸರು ಕೂಡ 1667ರಲ್ಲಿ ಬಂದ ಮಿಲ್ಟನ್ನನ 'ಪ್ಯಾರಡೈಸ್ ಲಾಸ್ಟ್' ಕಾವ್ಯದಿಂದ ತೆಗೆದದ್ದು. ಚರ್ಚಿನ ಜೊತೆ ಇಷ್ಟು ಗಟ್ಟಿಯಾಗಿ ಜಗಳ ಆಡಬೇಕಾದರೆ ಆ ಮನೆಯಲ್ಲೇ ಬೆಳೆದಿರಬೇಕು.

ಸಿನಿಮಾ ಬರುವ ಎರಡು ತಿಂಗಳು ಮೊದಲೇ ಅಮೆರಿಕದ ಕ್ಯಾಥೋಲಿಕ್ ಲೀಗ್ ಬಹಿಷ್ಕಾರಕ್ಕೆ ಕರೆ ಕೊಟ್ಟಿತು, ಒಂದು ಕಿರುಹೊತ್ತಿಗೆಯನ್ನೂ ಹಂಚಿತು. ಅವರ ವಾದ ಸ್ವಲ್ಪ ಗಮನಿಸುವ ಹಾಗಿದೆ. ಸಿನಿಮಾದಲ್ಲಿ ಅಂಥ ವಿಷ ಏನೂ ಇಲ್ಲ, ಅದನ್ನು ತೆಳ್ಳಗೆ ಮಾಡಿದ್ದಾರೆ, ಆದರೆ ಅದು ಗಾಳ, ಅದನ್ನು ನೋಡಿ ಮಕ್ಕಳು ಪುಸ್ತಕ ಕೇಳುತ್ತಾರೆ, ಅಲ್ಲಿದೆ ವಿಷ. ಕೆನಡಾದ ಒಂಟಾರಿಯೊದಲ್ಲಿ ಹಾಲ್ಟನ್ ಅನ್ನುವ ಕಡೆಯ ಕ್ಯಾಥೋಲಿಕ್ ಶಾಲಾ ಮಂಡಳಿ ಪುಸ್ತಕವನ್ನು ಶಾಲೆಯ ಕಪಾಟಿನಿಂದ ತೆಗೆಸಿತು. ಪುಸ್ತಕ ಬಂದು ಹನ್ನೆರಡು ವರ್ಷ ಆಗಿತ್ತು! ಅಲ್ಲಿಯವರೆಗೆ ಸುಮ್ನೆ ಕೂತಿದ್ದ ಪುಸ್ತಕ ಸಿನಿಮಾ ಬಂದ ಕೂಡಲೇ ಅಪಾಯ ಆಯಿತು. ಅಮೆರಿಕದ ಕ್ಯಾಥೋಲಿಕ್ ಬಿಷಪ್ಪರ ಸಂಸ್ಥೆಯ ಸಿನಿಮಾ ವಿಭಾಗ ಮೊದಲು ಚಿತ್ರ ಚೆನ್ನಾಗಿದೆ ಅಂತಲೇ ವಿಮರ್ಶೆ ಬರೆದಿತ್ತು, ಗಲಾಟೆ ಜೋರಾದ ಮೇಲೆ ಅದನ್ನು ಹಿಂದಕ್ಕೆ ತೆಗೆದುಕೊಂಡಿತು. ವ್ಯಾಟಿಕನ್ನಿನ ಪತ್ರಿಕೆಯೂ ಚಿತ್ರವನ್ನು ಖಾರವಾಗಿ ಟೀಕಿಸಿತು.

ಆದರೆ ನನ್ನ ಸಿಟ್ಟು ಬಹಿಷ್ಕಾರ ಮಾಡಿದವರ ಮೇಲಲ್ಲ, ಸಿನಿಮಾ ಮಾಡಿದವರ ಮೇಲೆ. ನ್ಯೂ ಲೈನ್ ಕಂಪನಿ ಹೆದರಿತು. ಆಳುವ ಸಂಸ್ಥೆಯ ಹೆಸರು ಮಾತ್ರ ಉಳಿಯಿತು, ಅದು ಚರ್ಚು ಅನ್ನುವುದು ಮಸುಕಾಯಿತು. ನೋಡಿದವರಿಗೆ ಅದು ಯಾವುದೋ ಒಂದು ಕೆಟ್ಟ ಸರ್ಕಾರದ ಹಾಗೆ ಕಾಣುತ್ತಿತ್ತು. ಪಾಪದ ಮಾತೇ ಹೆಚ್ಚು ಕಡಿಮೆ ಮಾಯ. ಪುಸ್ತಕದ ಕೊನೆಯಲ್ಲಿ ಎದೆ ಒಡೆಯುವ ಒಂದು ಸಾವು ಇದೆ, ಆ ಕೊನೆಯ ಭಾಗವನ್ನು ಚಿತ್ರೀಕರಿಸಿದ್ದರೂ ಕತ್ತರಿಸಿ, ಎಲ್ಲ ಸರಿಹೋಗುತ್ತದೆ ಅನ್ನುವ ಹಾಗೆ ಮುಗಿಸಿದರು. ಅಪ್ಪೆಮಿಡಿ ಉಪ್ಪಿನಕಾಯಿಯಲ್ಲಿ ಮಿಡಿಯನ್ನು ಎತ್ತಿಟ್ಟು ಬರೀ ರಸ ಬಡಿಸಿದ ಹಾಗೆ. ಬೈಯುವವರು ಹೇಗೂ ಬೈದರು. ಪುಸ್ತಕ ಇಷ್ಟಪಟ್ಟವರೂ ಬೈದರು. ಅಮೆರಿಕದಲ್ಲಿ ಅದು ಗಳಿಸಿದ್ದು ಸುಮಾರು 7 ಕೋಟಿ ಡಾಲರ್. ಹೊರದೇಶಗಳಲ್ಲಿ ಅದರ ನಾಲ್ಕು ಪಟ್ಟಿಗೂ ಜಾಸ್ತಿ ಬಂತು, ಆದರೆ ಆ ಹಕ್ಕುಗಳನ್ನು ಕಂಪನಿ ಮೊದಲೇ ಮಾರಿಕೊಂಡಿತ್ತು, ಹಾಗಾಗಿ ಆ ದುಡ್ಡು ಬೇರೆಯವರ ಜೇಬಿಗೆ. ಉಳಿದ ಎರಡು ಭಾಗ ಬರಲೇ ಇಲ್ಲ. ಕರಡಿಗಳನ್ನು ಕಂಪ್ಯೂಟರಿನಲ್ಲಿ ಕಡೆದವರಿಗೆ ಆಸ್ಕರ್ ಬಂತು, ಅದೊಂದು ಸಮಾಧಾನ.

ಬಹಿಷ್ಕಾರದಿಂದ ಸೋತಿತಾ, ಚಿತ್ರ ಚೆನ್ನಾಗಿಲ್ಲದೆ ಸೋತಿತಾ ಅಂತ ಈಗಲೂ ವಾದ ಇದೆ. ನನ್ನ ಪ್ರಕಾರ ಹೆದರಿಕೆಯಿಂದ ಸೋತಿತು. ಕತೆಗೆ ಒಂದು ಪ್ರಶ್ನೆ ಇತ್ತು, ಆ ಪ್ರಶ್ನೆಯನ್ನೇ ತೆಗೆದ ಮೇಲೆ ಆ ಹುಡುಗಿ ಉತ್ತರದ ಹಿಮದ ನಾಡಿಗೆ ಯಾಕೆ ಹೋಗುತ್ತಿದ್ದಾಳೆ ಅನ್ನುವುದೇ ಗೊತ್ತಾಗುವುದಿಲ್ಲ.

ಈಗ ನಮ್ಮ ಕಡೆ ಬರೋಣ. ಮಳೆಗಾಲದಲ್ಲಿ ಯಕ್ಷಗಾನ ಮೇಳಗಳ ತಿರುಗಾಟ ನಿಂತಾಗ ಮಲೆನಾಡಿನಲ್ಲಿ ತಾಳಮದ್ದಳೆ ಶುರುವಾಗುತ್ತದೆ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಎದುರುಬದುರು ಕೂತು ಮಾತಾಡುತ್ತಾರೆ. ಇಲ್ಲಿರುವ ಹಿರಿಯರಿಗೆ ನಾನು ಹೇಳಬೇಕಾಗಿಲ್ಲ. 'ವಾಲಿ ವಧೆ' ಇದ್ದ ರಾತ್ರಿ ಜನ ಯಾರ ಮಾತಿಗೆ ಕಾಯುತ್ತಾರೆ? ರಾಮನ ಮಾತಿಗಲ್ಲ, ವಾಲಿಯ ಮಾತಿಗೆ. ಬಾಣ ತಿಂದು ಬಿದ್ದವನು ಕೇಳುತ್ತಾನೆ: ನಿನಗೂ ನನಗೂ ಏನು ಹಗೆ? ಮರದ ಮರೆಯಲ್ಲಿ ನಿಂತು ಹೊಡೆದೆಯಲ್ಲ, ಇದು ಯಾವ ಕ್ಷತ್ರಿಯ ಧರ್ಮ? ನಿನ್ನ ಹೆಂಡತಿ ಬೇಕಿದ್ದರೆ ನನ್ನನ್ನೇ ಕೇಳಬಹುದಿತ್ತಲ್ಲ? ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ಕೇಳಿದವರು ಅದನ್ನು ಇವತ್ತಿಗೂ ನೆನೆಸಿಕೊಳ್ಳುತ್ತಾರೆ. ಅಷ್ಟೊತ್ತು ಮರ್ಯಾದಾ ಪುರುಷೋತ್ತಮನನ್ನು ಜಾಡಿಸಿದ ಮೇಲೆ ಮಂಗಳ ಹಾಡುತ್ತಾರೆ, ಪ್ರಸಾದ ತಗೊಂಡು ಮನೆಗೆ ಹೋಗುತ್ತಾರೆ. ಬೆಳಿಗ್ಗೆ ಅದೇ ರಾಮನ ಫೋಟೋಕ್ಕೆ ಹೂವು.

ಇದನ್ನು ಹೇಳಿ "ನೋಡಿ ನಾವೆಷ್ಟು ಸಹನಶೀಲರು, ಅವರು ಹಾಗಲ್ಲ" ಅಂತ ಮುಗಿಸುವ ಭಾಷಣಗಳನ್ನು ನೀವು ಬೇಕಾದಷ್ಟು ಕೇಳಿದ್ದೀರಿ. ನಾನು ಅದನ್ನು ಹೇಳುತ್ತಿಲ್ಲ. ತಾಳಮದ್ದಳೆಯಲ್ಲಿ ಅದು ನಡೆಯುವುದಕ್ಕೆ ಕಾರಣ ಇದೆ. ವಾಲಿಯ ಎದುರು ರಾಮ ಕೂತಿರುತ್ತಾನೆ. ಅವನಿಗೂ ಬಾಯಿ ಇದೆ. ತಮ್ಮನ ಹೆಂಡತಿಯನ್ನು ಇಟ್ಟುಕೊಂಡವನಿಗೆ ಧರ್ಮದ ಮಾತು ಯಾಕೆ, ಇದು ಭರತನ ಆಳ್ವಿಕೆಯ ನೆಲ, ಶಿಕ್ಷೆ ಕೊಡುವುದು ನನ್ನ ಕೆಲಸ ಅಂತ ಅವನೂ ಪಟ್ಟು ಬಿಡದೆ ವಾದಿಸುತ್ತಾನೆ. ಕೇಳುವವರಿಗೆ ಕತೆ ಮೊದಲೇ ಗೊತ್ತು. ಹೇಳುವವನ ಊರು, ಮನೆ, ಅವನ ಭಕ್ತಿ ಎಲ್ಲ ಗೊತ್ತು. ಅರ್ಥಧಾರಿ ಹದ ತಪ್ಪಿದರೆ ಚೌಕಿಯಲ್ಲೋ ಚಹಾ ಕುಡಿಯುವಾಗಲೋ ಯಾರಾದರೂ ಹಿಡಿದು ಕೇಳುತ್ತಾರೆ. ಸಿನಿಮಾದಲ್ಲಿ ಇದು ಯಾವುದೂ ಇಲ್ಲ. ಯಾರೋ ಎಲ್ಲೋ ಮಾಡಿದ್ದು. ಪರದೆಗೆ ಕಿವಿ ಇಲ್ಲ. ಅದು ದೇವರಿಗೆ ಒಂದು ಮುಖ ಕೊಟ್ಟು, ಒಂದು ದನಿ ಕೊಟ್ಟು, ಇದೇ ಅಂತ ಹೇಳಿ ಮುಗಿಸಿಬಿಡುತ್ತದೆ.

ಕೋರ್ಟು ಕೂಡ ಸಿನಿಮಾವನ್ನು ಬೇರೆ ಅಂತಲೇ ನೋಡಿದೆ. ಪುಸ್ತಕ ಅಚ್ಚು ಹಾಕಲು ಯಾರ ಸರ್ಟಿಫಿಕೇಟೂ ಬೇಡ. ಸಿನಿಮಾಕ್ಕೆ ಬೇಕು. ಇದು ಅನ್ಯಾಯ ಅಂತ ಸಿನಿಮಾ ನಿರ್ದೇಶಕ ಕೆ.ಎ. ಅಬ್ಬಾಸ್ ಸುಪ್ರೀಂ ಕೋರ್ಟಿಗೆ ಹೋದಾಗ, 1970ರಲ್ಲಿ, ಚಲಿಸುವ ಚಿತ್ರ ಮನಸ್ಸಿನ ಮೇಲೆ ಮಾಡುವ ಪರಿಣಾಮ ಬೇರೆ ಕಲೆಗಳಿಗಿಂತ ಜೋರು, ಹಾಗಾಗಿ ಮೊದಲೇ ಪರೀಕ್ಷೆ ಮಾಡುವುದು ತಪ್ಪಲ್ಲ ಅಂತ ತೀರ್ಪು ಬಂತು.

ಅದೇ 1970 ನಮ್ಮ ತಾಲೂಕಿಗೂ ಸಂಬಂಧಪಟ್ಟ ವರ್ಷ. ಮೇಳಿಗೆಯ ಅನಂತಮೂರ್ತಿಯವರ 'ಸಂಸ್ಕಾರ' ಕಾದಂಬರಿ 1965ರಲ್ಲೇ ಬಂದಿತ್ತು. ಓದಿದವರು ಬೈದುಕೊಂಡೋ ಮೆಚ್ಚಿಕೊಂಡೋ ಇದ್ದರು. ಪಟ್ಟಾಭಿರಾಮ ರೆಡ್ಡಿ ಅದನ್ನು ಶೃಂಗೇರಿ ಹತ್ತಿರದ ವೈಕುಂಠಪುರದಲ್ಲಿ ಚಿತ್ರ ಮಾಡಿದರು. ಪ್ರಾಣೇಶಾಚಾರ್ಯ ಆಗಿ ಗಿರೀಶ ಕಾರ್ನಾಡ, ನಾರಣಪ್ಪ ಆಗಿ ಲಂಕೇಶ್. ಸೆನ್ಸಾರ್ ಮಂಡಳಿ ತಡೆಯಿತು. ಒಂದು ಸಮುದಾಯಕ್ಕೆ ನೋವಾಗುತ್ತದೆ ಅನ್ನುವ ಮಾತು. ಕೊನೆಗೆ ತಡೆ ಹೋಯಿತು, ಚಿತ್ರಕ್ಕೆ ದೇಶದ ಅತ್ಯುತ್ತಮ ಚಿತ್ರ ಅನ್ನುವ ಪ್ರಶಸ್ತಿಯೂ ಬಂತು. ಅದು ಮಾಯಾಲೋಕದ ಕತೆ ಅಲ್ಲ, ನಿಜ. ಆದರೆ ನಮ್ಮ ಮಲೆನಾಡಿನ ಅಗ್ರಹಾರದ್ದೂ ಕೆನಡಾದ ಶಾಲೆಯದ್ದೂ ಒಂದೇ ದಾರಿ. ಪುಸ್ತಕ ಇದ್ದಾಗ ಗೊಣಗಾಟ, ಪರದೆಗೆ ಬಂದಾಗ ಗಲಾಟೆ.

ಇಲ್ಲಿ ಒಂದು ವಿಷಯ ಬಿಡಿಸಿ ನೋಡಬೇಕು. "ಧರ್ಮದ ವಿವಾದ" ಅಂತ ನಾವು ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬುತ್ತೇವೆ. ಹ್ಯಾರಿ ಪಾಟರ್ ತಗೊಳ್ಳಿ. ಅಲ್ಲಿ ದೇವರ ಸುದ್ದಿಯೇ ಇಲ್ಲ. ಅದರ ಮೇಲಿನ ಸಿಟ್ಟು ಮಾಟದ್ದು. ಬೈಬಲ್ಲು ಮಾಟ, ಕಣಿ, ಸತ್ತವರನ್ನು ಕರೆಯುವುದು ಎಲ್ಲವನ್ನೂ ಖಂಡಿತ ಕೂಡದು ಅನ್ನುತ್ತದೆ. ಹಾಗಿರುವಾಗ ಮಾಟ ಕಲಿಸುವ ಶಾಲೆಗೆ ಒಳ್ಳೆಯ ಹುಡುಗ ಹೋಗುತ್ತಾನೆ ಅಂದರೆ ಅದನ್ನು ಅಕ್ಷರಶಃ ನಂಬುವವರಿಗೆ ಗಾಬರಿ. 2000ದಿಂದ 2009ರವರೆಗೆ ಅಮೆರಿಕದ ಗ್ರಂಥಾಲಯಗಳಲ್ಲಿ ಅತಿ ಹೆಚ್ಚು ಆಕ್ಷೇಪ ಬಂದ ಪುಸ್ತಕಗಳ ಪಟ್ಟಿಯಲ್ಲಿ ಮೊದಲ ಸ್ಥಾನ ಇದಕ್ಕೇ. ಮೊದಲ ಸಿನಿಮಾ ಬಂದದ್ದು 2001ರ ನವೆಂಬರಿನಲ್ಲಿ. ಡಿಸೆಂಬರ್ 30ಕ್ಕೆ ನ್ಯೂ ಮೆಕ್ಸಿಕೊದ ಅಲಮೊಗೊರ್ಡೊ ಊರಿನಲ್ಲಿ ಒಂದು ಚರ್ಚಿನವರು ಪುಸ್ತಕಗಳನ್ನು ಗುಡ್ಡೆ ಹಾಕಿ ಬೆಂಕಿ ಇಟ್ಟರು. ಅಲ್ಲಿಯ ಪಾದ್ರಿ ತಾನು ಅದನ್ನು ಓದಿಲ್ಲ ಅಂತ ಹೇಳಿಕೊಂಡರು. ಆರ್ಕಾನ್ಸಾದ ಸೀಡರ್‌ವಿಲ್‌ನಲ್ಲಿ ಶಾಲೆಯ ಲೈಬ್ರರಿಯಲ್ಲಿ ಅದನ್ನು ಓದಲು ಅಪ್ಪ ಅಮ್ಮನ ಸಹಿ ಬೇಕು ಅಂತ ನಿಯಮ ಮಾಡಿದರು, 2003ರಲ್ಲಿ ಫೆಡರಲ್ ಕೋರ್ಟು ಅದು ನಡೆಯುವುದಿಲ್ಲ, ಕಪಾಟಿಗೆ ವಾಪಸ್ ಇಡಿ ಅಂದಿತು. 2019ರಲ್ಲಿ ಪೋಲೆಂಡಿನ ಗ್ಡಾನ್‌ಸ್ಕ್‌ನಲ್ಲಿ ಮತ್ತೆ ಬೆಂಕಿ. ಅಲ್ಲಿ ಹ್ಯಾರಿ ಪಾಟರ್ ಜೊತೆ ಒಂದು ಮುಖವಾಡ, ಒಂದು ಮಕ್ಕಳ ಕೊಡೆ ಕೂಡ ಉರಿಯಿತು! ಕೊಡೆ ಯಾಕೆ ಅಂತ ನನ್ನನ್ನು ಕೇಳಬೇಡಿ. ಆಮೇಲೆ ಪಾದ್ರಿ ಕ್ಷಮೆ ಕೇಳಿದರು.

ಇಷ್ಟರ ನಡುವೆ 2007ರಲ್ಲಿ ಬಂದ ಕೊನೆಯ ಪುಸ್ತಕದಲ್ಲಿ ಹ್ಯಾರಿಯ ಅಪ್ಪ ಅಮ್ಮನ ಗೋರಿಯ ಮೇಲೆ ಕೆತ್ತಿರುವುದು ಬೈಬಲ್ಲಿನ ವಾಕ್ಯ. ಹುಡುಗ ತಾನಾಗಿ ಸಾವಿಗೆ ಎದೆ ಕೊಟ್ಟು ಮರಳಿ ಬರುತ್ತಾನೆ. 2009ರಲ್ಲಿ ವ್ಯಾಟಿಕನ್ನಿನ ಪತ್ರಿಕೆಯೇ ಆರನೇ ಸಿನಿಮಾವನ್ನು ಹೊಗಳಿತು. ಹತ್ತು ವರ್ಷ ತಾಳ್ಮೆ ಇದ್ದಿದ್ದರೆ ಎಷ್ಟೋ ಸೀಮೆಎಣ್ಣೆ ಉಳಿಯುತ್ತಿತ್ತು.

ಪುಲ್‌ಮನ್ ಮೇಲಿನ ಸಿಟ್ಟು ಹಾಗಲ್ಲ. ಅದು ಮಾಟದ್ದಲ್ಲ, ಸಂಶಯದ್ದು. ನೇರ ದೇವರ ಮೇಲೆ, ದೇವರ ಹೆಸರಲ್ಲಿ ಆಳುವವರ ಮೇಲೆ. ನಮ್ಮಲ್ಲಿ ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವ ಗಾದೆ ಇದೆ. ಮೊದಲ ಎರಡು ಪುಸ್ತಕ ಈ ಗಾದೆಯ ಮಟ್ಟದಲ್ಲೇ ಇವೆ, ಪೂಜಾರಿಯ ಜೊತೆ ಜಗಳ. ಮೂರನೆಯದರಲ್ಲಿ ಅವರು ಗರ್ಭಗುಡಿಯ ಒಳಗೇ ಹೋದರು. ನನಗೆ ಕೇಳಿದರೆ ಮೂರನೆಯದು ಸ್ವಲ್ಪ ಸೊರಗಿದೆ. ಕತೆ ಹಿಂದೆ ಬಿದ್ದು ವಾದ ಮುಂದೆ ಬರುತ್ತದೆ. ಚರ್ಚಿನವರಲ್ಲಿ ಒಬ್ಬನಾದರೂ ಒಳ್ಳೆಯ ಮನುಷ್ಯ ಇರಬೇಡವಾ ಅನ್ನುವ ಟೀಕೆ ಬಂತು, ಆ ಟೀಕೆಯಲ್ಲಿ ಹುರುಳಿದೆ.

ಇನ್ನು ನಮ್ಮ ದೇಶದ್ದು ಮೂರನೇ ಥರ. ನಮಗೆ ಮಾಟ ಮಂತ್ರ ಕತೆಯಲ್ಲಿದ್ದರೆ ತೊಂದರೆ ಇಲ್ಲ, ಚಂದಮಾಮ ಓದಿ ಬೆಳೆದವರು. ಸಂಶಯವೂ ಅಷ್ಟು ತೊಂದರೆ ಕೊಡುವುದಿಲ್ಲ. ನಮಗೆ ಸಿಟ್ಟು ಬರುವುದು ಮರ್ಯಾದೆಯ ವಿಷಯಕ್ಕೆ. 2023ರ ಜೂನಿನಲ್ಲಿ 'ಆದಿಪುರುಷ್' ಬಂತು. ರಾಮನನ್ನು ಅದು ಪ್ರಶ್ನಿಸಲೇ ಇಲ್ಲ, ಪೂರ್ತಿ ಭಕ್ತಿಯ ಚಿತ್ರ. ಥಿಯೇಟರಿನಲ್ಲಿ ಹನುಮಂತನಿಗೆ ಅಂತ ಒಂದು ಸೀಟು ಖಾಲಿ ಬಿಡುತ್ತೇವೆ ಅಂದಿದ್ದರು. ಆದರೆ ಅದೇ ಹನುಮಂತನ ಬಾಯಲ್ಲಿ ಗಲ್ಲಿಯ ಪುಂಡರ ಮಾತು ಹಾಕಿದರು. ಜನ ರೊಚ್ಚಿಗೆದ್ದರು, ಸಂಭಾಷಣೆ ಬದಲಾಯಿಸಬೇಕಾಯಿತು, ಅಲಹಾಬಾದ್ ಹೈಕೋರ್ಟು ಚೆನ್ನಾಗಿ ಬೈಯಿತು. ಸೀತೆ ಭಾರತದ ಮಗಳು ಅನ್ನುವ ಒಂದು ಸಾಲಿಗೆ ಕಠ್ಮಂಡುವಿನಲ್ಲಿ ಹಿಂದಿ ಸಿನಿಮಾಗಳನ್ನೇ ನಿಲ್ಲಿಸಿದರು. ಜನಕಪುರ ಇರುವುದು ನೇಪಾಳದಲ್ಲಿ ಅಲ್ವಾ.

ಇಲ್ಲಿ ನನಗೆ ಒಂದು ಮೋಜು ಕಾಣುತ್ತದೆ. ಕುವೆಂಪು ಎಷ್ಟು ದೊಡ್ಡ ಬದಲಾವಣೆ ಮಾಡಿದರು! 'ಶ್ರೀ ರಾಮಾಯಣ ದರ್ಶನಂ'ನಲ್ಲಿ ಸೀತೆಯ ಜೊತೆ ರಾಮನೂ ಬೆಂಕಿಗೆ ಇಳಿಯುತ್ತಾನೆ. ಅವಳೊಬ್ಬಳೇ ಯಾಕೆ ಪರೀಕ್ಷೆ ಕೊಡಬೇಕು ಅನ್ನುವ ಪ್ರಶ್ನೆಗೆ ಕುಪ್ಪಳಿಯ ಕವಿ ಕೊಟ್ಟ ಉತ್ತರ ಅದು. ಅದಕ್ಕೆ ಜ್ಞಾನಪೀಠ ಬಂತು. ಅದಕ್ಕೂ ಮೊದಲು 'ಶೂದ್ರ ತಪಸ್ವಿ' ನಾಟಕದಲ್ಲಿ ಶಂಬೂಕನನ್ನು ಸಾಯಿಸಲೇ ಇಲ್ಲ. ರಾಮ ಬಿಟ್ಟ ಅಸ್ತ್ರ ತಪಸ್ಸು ಮಾಡುವವನನ್ನು ಬಿಟ್ಟು, ದೂರು ತಂದ ಬ್ರಾಹ್ಮಣನ ಬೆನ್ನು ಹತ್ತಿತು. ಹಳೆಯ ಕತೆಯನ್ನು ಹೀಗೆ ತಿರುಗಿಸುವುದು ಸರಿಯಲ್ಲ ಅಂತ ಮಾಸ್ತಿಯವರು ಬರೆದರು. ಕುವೆಂಪು ಉತ್ತರ ಕೊಟ್ಟರು. ಇಬ್ಬರೂ ದೊಡ್ಡವರು, ಇಬ್ಬರದ್ದೂ ಅಚ್ಚಾಗಿದೆ, ಬೇಕಾದವರು ಇವತ್ತೂ ಓದಿ ಯಾರ ಮಾತು ಸರಿ ಅಂತ ತೀರ್ಮಾನ ಮಾಡಬಹುದು. ಮಾಸ್ತಿ ಆ ನಾಟಕ ನಿಲ್ಲಿಸಿ ಅನ್ನಲಿಲ್ಲ. ಓದಿ, ಎಲ್ಲಿ ತಪ್ಪು ಅನ್ನಿಸಿತು ಅಂತ ಬರೆದರು. ಆಕ್ಷೇಪ ಅಂದರೆ ಅದು.

ಇನ್ನೊಂದು ಥರ ಇದೆ, ಅದನ್ನು ಹೇಳದೆ ಹೋದರೆ ನಾನು ಜಾಣತನ ಮಾಡಿದ ಹಾಗಾಗುತ್ತದೆ. 2022ರಲ್ಲಿ 'ಕಾಂತಾರ' ಬಂತು. ಅದರ ದೈವ ಕಟ್ಟುಕತೆಯ ಪ್ರಾಣಿ ಅಲ್ಲ, ಘಟ್ಟದ ಕೆಳಗೆ ಜನ ಇವತ್ತಿಗೂ ನಂಬಿ ನಡೆದುಕೊಳ್ಳುವ ದೈವ. ನಮ್ಮ ಕಡೆಯ ಭೂತಪ್ಪ, ಚೌಡಿ ಇದ್ದ ಹಾಗೆ. ಈ ಆಚರಣೆ ಹಿಂದೂ ಧರ್ಮದ್ದಾ, ಅದಕ್ಕಿಂತ ಹಳೆಯ ಮೂಲದ ಜನರದ್ದಾ ಅಂತ ದೊಡ್ಡ ಚರ್ಚೆ ಎದ್ದಿತು, ಪೊಲೀಸ್ ಕೇಸಿನವರೆಗೂ ಹೋಯಿತು. ನನಗೆ ಅದಕ್ಕಿಂತ ಮುಖ್ಯ ಅನ್ನಿಸಿದ್ದು ದೈವ ಕಟ್ಟುವವರ ಬೇಸರ. ಸಿನಿಮಾ ನೋಡಿ ಬಂದವರು ಮುಖಕ್ಕೆ ಬಣ್ಣ ಬಳಿದುಕೊಂಡು ಥಿಯೇಟರಿನಲ್ಲಿ, ಸ್ಟೇಜಿನ ಮೇಲೆ, ರೀಲ್ಸಿನಲ್ಲಿ ಆ ಕೂಗು ಕೂಗಲು ಶುರು ಮಾಡಿದರು. 2025ರ ಅಕ್ಟೋಬರಿನಲ್ಲಿ ಮುಂದಿನ ಚಿತ್ರ ಬಂದಾಗ ದಯವಿಟ್ಟು ಅನುಕರಣೆ ಮಾಡಬೇಡಿ ಅಂತ ಚಿತ್ರತಂಡವೇ ಕೇಳಿಕೊಳ್ಳಬೇಕಾಯಿತು. ದಿನಗಟ್ಟಲೆ ನೇಮ ನಿಷ್ಠೆಯಲ್ಲಿದ್ದು ಗಗ್ಗರ ಕಟ್ಟುವವನಿಗೆ ಇದು ಎಷ್ಟು ಉರಿಯುತ್ತದೆ ಯೋಚಿಸಿ. ಈ ದೂರಿನ ಪಕ್ಕ ನಾನು ನಿಲ್ಲುತ್ತೇನೆ. ಆ ದೂರು ಕತೆಯ ಮೇಲಲ್ಲ, ನೋಡಿದವರ ನಡತೆಯ ಮೇಲೆ.

ಮತ್ತೆ ಇಂಗ್ಲೆಂಡಿಗೆ ಹೋಗೋಣ, ಅಲ್ಲಿ ಇನ್ನೂ ಒಂದು ಕತೆ ಬಾಕಿ ಇದೆ. ಪುಲ್‌ಮನ್ ಯಾರ ಮೇಲೆ ಸಿಟ್ಟಾಗಿ ಬರೆದರು ಗೊತ್ತಾ? ನಾರ್ನಿಯಾ ಅನ್ನುವ ಮಾಯಾಲೋಕದ ಮಕ್ಕಳ ಕತೆಗಳನ್ನು ಬರೆದ ಸಿ.ಎಸ್. ಲೂಯಿಸ್ ಮೇಲೆ. ಲೂಯಿಸ್ ಆಕ್ಸ್‌ಫರ್ಡಿನ ಮೇಷ್ಟ್ರು. ಹರೆಯದಲ್ಲಿ ನಾಸ್ತಿಕ. 1931ರಲ್ಲಿ ಒಂದು ರಾತ್ರಿ ಗೆಳೆಯರಾದ ಟೋಲ್ಕಿನ್, ಡೈಸನ್ ಜೊತೆ ಸರಿಹೊತ್ತು ಮೀರಿ ವಾದ ಮಾಡಿದರು. ಆಮೇಲೆ ಮರಳಿ ಕ್ರೈಸ್ತ ನಂಬಿಕೆಗೆ ಬಂದರು. 1950ರಿಂದ 1956ರವರೆಗೆ ಏಳು ಪುಸ್ತಕ ಬರೆದರು. ಅದರಲ್ಲಿ ಅಸ್ಲಾನ್ ಅನ್ನುವ ಸಿಂಹ ಬೇರೆಯವನ ತಪ್ಪಿಗೆ ತಾನು ಪ್ರಾಣ ಕೊಟ್ಟು ಎದ್ದು ಬರುತ್ತದೆ. ಯಾರ ಕತೆ ಅಂತ ಹೇಳಬೇಕಾಗಿಲ್ಲ. 2005ರಲ್ಲಿ ಅದು ಸಿನಿಮಾ ಆದಾಗ ಅಮೆರಿಕದ ಚರ್ಚುಗಳಲ್ಲೇ ಪ್ರಚಾರ ಮಾಡಿದರು, ಲೋಕದಾದ್ಯಂತ 74 ಕೋಟಿ ಡಾಲರ್ ಬಂತು. ಆಗ ಗೊಣಗಿದವರು ಧರ್ಮ ಬೇಡ ಅನ್ನುವವರು, ಮಕ್ಕಳಿಗೆ ಸಿಹಿ ಕತೆಯೊಳಗೆ ಮತ ತುಂಬುತ್ತಿದ್ದಾರೆ ಅಂತ. ಎರಡು ವರ್ಷ ಬಿಟ್ಟು ಪುಲ್‌ಮನ್ ಮೇಲೆ ಬಂದ ದೂರೂ ಅದೇ, ಪಕ್ಷ ಮಾತ್ರ ಅದಲು ಬದಲು!

ನಾರ್ನಿಯಾದ ಕೊನೆಯ ಪುಸ್ತಕದಲ್ಲಿ ಸೂಸನ್ ಅನ್ನುವ ಹುಡುಗಿಗೆ ಸ್ವರ್ಗದಲ್ಲಿ ಜಾಗ ಇಲ್ಲ, ಅವಳಿಗೆ ಈಗ ಲಿಪ್‌ಸ್ಟಿಕ್ಕು, ಪಾರ್ಟಿಗಳಲ್ಲೇ ಆಸಕ್ತಿ ಅಂತ ಉಳಿದವರು ಹೇಳುತ್ತಾರೆ. ಹೆಣ್ಣು ಮಗು ದೊಡ್ಡವಳಾಗುವುದೇ ಪಾಪವಾ ಅಂತ ಪುಲ್‌ಮನ್ ಕುದಿದರು, 1998ರಲ್ಲಿ ಪತ್ರಿಕೆಯಲ್ಲಿ ಕಟುವಾಗಿ ಬರೆದರು. ಲೈರಾ ಅದಕ್ಕೆ ಕತೆಯ ರೂಪದ ಉತ್ತರ. ಅವಳ ಲೋಕದಲ್ಲಿ ದೊಡ್ಡವರಾಗುವುದು ಪಾಪ ಅಲ್ಲ, ಬುದ್ಧಿ ಬರುವುದು. ಇಬ್ಬರನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಒಂದು ತಾಳಮದ್ದಳೆಯೇ. ಲೂಯಿಸ್ ತೀರಿಕೊಂಡದ್ದು 1963ರಲ್ಲಿ, ಹಾಗಾಗಿ ರಾಮನ ಕಡೆಯ ಅರ್ಥ ಹೇಳುವವರು ಇರಲಿಲ್ಲ.

ಒಬ್ಬರು ಬಂದರು. 2003ರ ಕೊನೆಯಲ್ಲಿ ಲಂಡನ್ನಿನ ನ್ಯಾಷನಲ್ ಥಿಯೇಟರ್ ಈ ಮೂರೂ ಪುಸ್ತಕಗಳನ್ನು ನಾಟಕ ಮಾಡಿತು. ಸಿನಿಮಾದ ಹಾಗೆ ಚರ್ಚನ್ನು ಮುಚ್ಚಿಡಲಿಲ್ಲ. ಆಗ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಆಗಿದ್ದವರು ರೋವನ್ ವಿಲಿಯಮ್ಸ್. ಇಂಗ್ಲೆಂಡಿನ ಚರ್ಚಿಗೆ ಅವರೇ ಹಿರಿಯ ಗುರು. ಬಹಿಷ್ಕಾರ ಹಾಕಬೇಕಾದವರು ಅಂದರೆ ಅವರೇ. ಅವರು ನಾಟಕ ನೋಡಿದರು, ಮೆಚ್ಚಿ ಬರೆದರು, 2004ರಲ್ಲಿ ಅದೇ ಥಿಯೇಟರಿನಲ್ಲಿ ಪುಲ್‌ಮನ್ ಎದುರು ಕೂತು ಜನರ ಮುಂದೆ ಮಾತಾಡಿದರು. ಶಾಲೆಯ ಧರ್ಮದ ಪಾಠಗಳಲ್ಲಿ ಈ ಪುಸ್ತಕಗಳನ್ನು ಚರ್ಚಿಸಬಹುದು ಅಂತಲೂ ಹೇಳಿದರು. ಅವರ ಮಾತಿನ ಸಾರ ಇಷ್ಟು: ಇಲ್ಲಿ ಸಾಯುವವನು ನಾನು ನಂಬುವ ದೇವರಲ್ಲ, ಅಧಿಕಾರ ಹಿಡಿದ ಒಬ್ಬ ಸುಳ್ಳು ದೇವರು, ನಾವು ಯಾವ ದೇವರನ್ನು ನಂಬಬಾರದು ಅಂತ ತಿಳಿಯುವುದೂ ಒಳ್ಳೆಯದೇ. ಹಾಗಂತ ಪೂರ್ತಿ ಒಪ್ಪಲಿಲ್ಲ. ಕ್ರಿಸ್ತನೇ ಇಲ್ಲದ ಚರ್ಚು ಎಂಥ ಚರ್ಚು ಅಂತ ಕೇಳಿದರು. ಸರಿಯಾದ ಪೆಟ್ಟು ಅದು.

ಆಮೇಲೆ 2019ರಿಂದ 2022ರವರೆಗೆ ಬಿಬಿಸಿ ಮತ್ತು ಎಚ್‌ಬಿಒ ಸೇರಿ ಅದೇ ಕತೆಯನ್ನು ಮೂರು ಸೀಸನ್ನಿನ ಧಾರಾವಾಹಿ ಮಾಡಿದವು. ಚರ್ಚು ಚರ್ಚಾಗಿಯೇ ಇತ್ತು, ಆ ಮುದಿ ದೇವದೂತನೂ ಬಂದ. 2007ರ ಗಲಾಟೆಯ ಕಾಲು ಭಾಗವೂ ಆಗಲಿಲ್ಲ. 2017ರಲ್ಲಿ ಪುಲ್‌ಮನ್ ಲೈರಾಳ ಹಸುಗೂಸಿನ ದಿನಗಳ ಕತೆ ಬರೆದರು. ಅದರಲ್ಲಿ ಆ ಕೂಸನ್ನು ಬಚ್ಚಿಟ್ಟು ಸಾಕುವವರು ಒಂದು ಮಠದ ಸನ್ಯಾಸಿನಿಯರು. ಅಡುಗೆಮನೆಯಲ್ಲಿ ಹುಡುಗನಿಗೆ ಕೆಲಸ ಕಲಿಸುವ, ಜಪ ತಪ ಮಾಡುವ, ನಿಜವಾಗಿ ಒಳ್ಳೆಯ ಹೆಂಗಸರು. ಒಬ್ಬ ಒಳ್ಳೆಯವರೂ ಇಲ್ಲವಾ ಅಂತ ಕೇಳಿದ್ದವರಿಗೆ ಇದಕ್ಕಿಂತ ಚಂದದ ಉತ್ತರ ಬೇಕಾ?

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು, ಕೆಲವನ್ನು ಮಾತ್ರ ಬರೆಯುತ್ತೇನೆ.

ಒಬ್ಬ ಹುಡುಗ ಎದ್ದು, "ಸರ್, ಬ್ಯಾನ್ ಮಾಡಬೇಕಾ ಬೇಡವಾ, ಒಂದೇ ಮಾತಲ್ಲಿ ಹೇಳಿ" ಅಂದ. ಬೇಡ ಅಂದೆ. 1989ರಲ್ಲಿ ರಂಗರಾಜನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದ್ದೂ ಅದೇ. ಜನ ಗಲಾಟೆ ಮಾಡುತ್ತಾರೆ ಅಂತ ಹೆದರಿ ಸಿನಿಮಾ ನಿಲ್ಲಿಸುವ ಹಾಗಿಲ್ಲ, ಗಲಾಟೆ ತಡೆಯುವುದು ಸರ್ಕಾರದ ಕೆಲಸ.

ಒಬ್ಬರು ತಾಯಿ ಕೇಳಿದ್ದು ಬೇರೆ. ಮಗಳು ಹ್ಯಾರಿ ಪಾಟರ್ ಹಿಡಿದರೆ ಊಟಕ್ಕೂ ಏಳುವುದಿಲ್ಲ, ಅತ್ತೆಯವರು "ಮಾಟದ ಪುಸ್ತಕ ಮನೆಯಲ್ಲಿ ಬೇಡ" ಅಂತ ದಿನಾ ಬೈಯುತ್ತಾರಂತೆ. ಅತ್ತೆಯವರು ಮೊಮ್ಮಗಳಿಗೆ ಕತೆ ಹೇಳುತ್ತಾರಾ ಅಂತ ಕೇಳಿದೆ. ಹೇಳುತ್ತಾರಂತೆ, ಕೊಳ್ಳಿದೆವ್ವ, ಚೌಡಿ, ಎಲ್ಲ. ಹಾಗಾದರೆ ಒಂದು ದಿನ ಮಗಳಿಂದ ಅಜ್ಜಿಗೆ ಹ್ಯಾರಿ ಪಾಟರಿನ ಕತೆ ಹೇಳಿಸಿ ಅಂದೆ. ಅಜ್ಜಿಗೆ ಆಮೇಲೂ ಬೇಡ ಅನ್ನಿಸಿದರೆ ಅನ್ನಿಸಲಿ, ಆದರೆ ಕೇಳಿದ ಮೇಲೆ ಅನ್ನಿಸಲಿ.

ಕೊನೆಗೆ ಒಬ್ಬರು ಹೈಸ್ಕೂಲು ಮೇಷ್ಟ್ರು, ನಾರ್ನಿಯಾ ಮೊದಲು ಕೊಡಬೇಕಾ, ಲೈರಾ ಮೊದಲು ಕೊಡಬೇಕಾ ಅಂತ ಕೇಳಿದರು. ನಾರ್ನಿಯಾ ಮೊದಲು, ಏಳನೆಯವರೆಗಿನ ಮಕ್ಕಳಿಗೆ. ಲೈರಾ ಒಂಬತ್ತು, ಹತ್ತನೆಯವರಿಗೆ, ಅದರಲ್ಲೂ ಮೂರನೇ ಪುಸ್ತಕವನ್ನು ನೀವೂ ಓದಿಯೇ ಕೊಡಿ, ಮಕ್ಕಳು ಪ್ರಶ್ನೆ ಕೇಳುತ್ತಾರೆ ಅಂದೆ. ಅವರು ಬರೆದುಕೊಂಡರು. ಆಮೇಲೆ, "ಎರಡೂ ನಮ್ಮ ಲೈಬ್ರರಿಯಲ್ಲಿ ಇಲ್ಲ ಸಾರ್, ಮುಂದಿನ ಸಲ ಬರುವಾಗ ತಗೊಂಡು ಬನ್ನಿ" ಅಂದರು. ಆಗಲಿ ಅಂತ ಒಪ್ಪಿಕೊಂಡೆ.